ಪತ್ತನಾಜೆ ಕಳೆದ ಮೇಲೆ ಪಿಕ್ಚರ್

ಯಶ್ ನಟನೆಯ, ಮಲಯಾಳದ ಗೀತು ಮೋಹನ್‌ದಾಸ್ ನಿರ್ದೇಶನದ ‘ಟಾಕ್ಸಿಕ್’ ಚಿತ್ರಕ್ಕೆ ಮೊದಲು ಗೊತ್ತು ಮಾಡಿದ್ದ ದಿನ 2025ರ ಏಪ್ರಿಲ್ 10. ಸುದ್ದಿ ಮೊಬೈಲಿಗೆ ಬಂದಾಗ ಮಂಡೆಕೋಲಿನ ಪೇಟೆ ಬದಿಯಲ್ಲಿ ಕೂತಿದ್ದ ಹುಡುಗನೊಬ್ಬ ಕೇಳಿದ್ದು ಒಂದೇ ಪ್ರಶ್ನೆ: “ಅವತ್ತು ಪುತ್ತೂರು ಜಾತ್ರೆಗೆ ಕೊಡಿ ಏರುವುದಲ್ವಾ ಮಾರಾಯ್ರೆ?” ಹೌದು. ಮಹಾಲಿಂಗೇಶ್ವರನ ಜಾತ್ರೆ ಏಪ್ರಿಲ್ 10ಕ್ಕೆ ಶುರುವಾಗಿ 20ಕ್ಕೆ ಮುಗಿಯುತ್ತದೆ, 17ಕ್ಕೆ ರಥ, ಬೆಡಿ. ಇಸವಿ ಬದಲಾದರೂ ಈ ತಾರೀಕುಗಳು ಬದಲಾಗುವುದಿಲ್ಲ. ಆ ದಿನಗಳಲ್ಲಿ ಪುತ್ತೂರಿನಲ್ಲಿ ಬೈಕ್ ನಿಲ್ಲಿಸಲಿಕ್ಕೂ ಜಾಗ ಇರುವುದಿಲ್ಲ. ಪಿಕ್ಚರ್ ನೋಡುತ್ತೇವೆಂದು ಹೊರಟವರು ದೇವರಮಾರು ಗದ್ದೆಯಲ್ಲಿ ಚುರುಮುರಿ ತಿಂದು, ತೊಟ್ಟಿಲು ಹತ್ತಿ ಇಳಿದು ಮನೆಗೆ ಬರುವುದೇ ಹೆಚ್ಚು.

ಆಮೇಲೆ ಆ ದಿನಾಂಕ ಮುಂದಕ್ಕೆ ಹೋಗಿ 2026ರ ಮಾರ್ಚ್ 19 ಎಂದು ಘೋಷಣೆಯಾಯಿತು. ಯುಗಾದಿಗೆ ಯಶ್ ಬರುತ್ತಾರೆಂದು ಬೆಂಗಳೂರು ಕುಣಿಯಿತು. ನಮ್ಮ ಕಡೆಗೆ ಅದು ದೊಡ್ಡ ಹಬ್ಬವಲ್ಲ. ಸೌರಮಾನದವರಾದ ನಾವು ಹೊಸ ವರ್ಷ ಕಾಣುವುದು ಏಪ್ರಿಲ್ ನಡುವಿನ ಬಿಸುವಿಗೆ, ಕಣಿ ಇಟ್ಟು. ‘ಕೆಜಿಎಫ್ 2’ 2022ರ ಏಪ್ರಿಲ್ 14ಕ್ಕೆ ಬಂದಾಗ ಲೆಕ್ಕ ಹೇಗೋ ಕೂಡಿಬಂದಿತ್ತು. ಮಾರ್ಚ್ ಎಂದರೆ ನಮಗೆ ಯಕ್ಷಗಾನದ ಆಟ, ದೈವಗಳ ನೇಮ, ಬ್ರಹ್ಮಕಲಶೋತ್ಸವಗಳ ಕಾಲ. ವಾರದ ಏಳು ರಾತ್ರಿಯೂ ಎಲ್ಲಿಗಾದರೂ ಹೋಗಲಿಕ್ಕೆ ಇರುತ್ತದೆ, ಊಟವೂ ಅಲ್ಲೇ.

ಸಿನಿಮಾಗಳ ಬಿಡುಗಡೆಯ ಪಂಚಾಂಗ ಬರೆಯುವವರು ಗಾಂಧಿನಗರದಲ್ಲಿ, ಕೊಚ್ಚಿಯಲ್ಲಿ ಕೂತಿರುತ್ತಾರೆ. ಅದನ್ನು ನಾವು ಓದುವುದು ನಮ್ಮ ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ಇಟ್ಟುಕೊಂಡು. ನನ್ನಂಥ ಪಿಕ್ಚರ್ ಹುಚ್ಚಿನವನಿಗೆ ಎರಡನ್ನೂ ತಾಳೆ ಹಾಕುವುದೇ ಒಂದು ಸುಖ. ಕೆಲವೊಮ್ಮೆ ಚಿತ್ರಕ್ಕಿಂತ ಅದೇ ಹೆಚ್ಚು ರುಚಿಸುತ್ತದೆ.

ಮಂಡೆಕೋಲು ಸುಳ್ಯ ತಾಲೂಕಿನ ತುದಿ. ಇಲ್ಲಿಂದ ಮುಂದೆ ಅಡೂರು, ಅಲ್ಲಿಗೆ ಕೇರಳ. 1956ರ ನವೆಂಬರ್ 1ರ ತನಕ ಎರಡೂ ಊರು ಒಂದೇ ದಕ್ಷಿಣ ಕನ್ನಡ ಜಿಲ್ಲೆಯವು. ಈಗ ನಡುವೆ ಗಡಿ ಇದ್ದರೂ ನೆಂಟಸ್ತಿಕೆಗೆ, ಅಡಿಕೆ ವ್ಯಾಪಾರಕ್ಕೆ ಅದು ಅಡ್ಡವಾಗಿಲ್ಲ. ಮನೆಯೊಳಗೆ ಅರೆಭಾಷೆ, ತೋಟದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಅರ್ಧ ಮಲಯಾಳ. ಆದ್ದರಿಂದ ನಾವು ಕಾಯುವ ಚಿತ್ರರಂಗವೂ ಒಂದಲ್ಲ. ಕನ್ನಡದ ಚಿತ್ರಕ್ಕೆ ಸುಳ್ಯದ ಸಂತೋಷ್ ಚಿತ್ರಮಂದಿರ ಅಥವಾ ಪುತ್ತೂರು. ಮಲಯಾಳದ್ದಾದರೆ ಮುಳ್ಳೇರಿಯ, ಚೆರ್ಕಳ ದಾಟಿ ಕಾಸರಗೋಡು. ತುಳುವಿನದ್ದು ಮಂಗಳೂರಿನಲ್ಲಿ ಬಂದ ದಿನವೇ ಪುತ್ತೂರಿಗೂ ಬಂದರೆ ಪುಣ್ಯ.

ರೀಲು ಪೆಟ್ಟಿಗೆಯ ಕಾಲದಲ್ಲಿ ಈ ಕಾಯುವಿಕೆಗೆ ಬೇರೆಯೇ ಕ್ರಮ ಇತ್ತು. ಕನ್ನಡ ಚಿತ್ರ ವಿತರಣೆಯ ವ್ಯವಹಾರದಲ್ಲಿ ರಾಜ್ಯವನ್ನು ತುಂಡು ತುಂಡು ಮಾಡಿ ಮಾರುತ್ತಿದ್ದರು. ಬೆಂಗಳೂರು, ಕೋಲಾರ, ತುಮಕೂರು ಸೇರಿ ಬಿ.ಕೆ.ಟಿ.; ಮೈಸೂರು, ಮಂಡ್ಯ, ಕೊಡಗು, ಹಾಸನ ಸೇರಿ ಎಂ.ಎಂ.ಸಿ.ಎಚ್.; ನಮ್ಮದು ಎಸ್.ಕೆ., ಅಂದರೆ ಸೌತ್ ಕೆನರಾ. ಪ್ರಿಂಟು ಹಾಕಿಸುವುದು ದುಬಾರಿಯಾದ್ದರಿಂದ ಇದ್ದ ಕೆಲವೇ ಪ್ರಿಂಟುಗಳು ಮೊದಲು ‘ಎ’ ಸೆಂಟರುಗಳಲ್ಲಿ ಓಡಿ, ಸವೆದು, ‘ಬಿ’ಗೆ ಇಳಿದು, ಕೊನೆಗೆ ‘ಸಿ’ಗೆ ಬರುತ್ತಿದ್ದವು. ಬೆಂಗಳೂರಿನಲ್ಲಿ ನೂರು ದಿನದ ಪೋಸ್ಟರು ಬಿದ್ದ ಮೇಲೆ ನಮ್ಮಲ್ಲಿ ಮೊದಲ ದಿನ. ಪರದೆಯ ಮೇಲೆ ಮಳೆ ಹೊಯ್ದ ಹಾಗೆ ಗೀರುಗಳು. ಒಳ್ಳೆಯ ಹಾಡಿನ ನಡುವೆ ನಾಲ್ಕು ಸಾಲೇ ಮಾಯ. ಎಲ್ಲೋ ಕಡಿದು, ಯಾರೋ ಅಂಟಿಸಿರುತ್ತಿದ್ದರು.

ಆದರೆ ಅಷ್ಟು ಹೊತ್ತಿಗೆ ಚಿತ್ರದ ಬಗ್ಗೆ ನಮಗೆ ಗೊತ್ತಿಲ್ಲದ್ದೇ ಇರುತ್ತಿರಲಿಲ್ಲ. ಆಕಾಶವಾಣಿಯಲ್ಲಿ ಹಾಡು ಬಾಯಿಪಾಠ ಆಗಿರುತ್ತಿತ್ತು. ಮದರಾಸಿನ ‘ವಿಜಯಚಿತ್ರ’ವೋ ಮಣಿಪಾಲದ ‘ರೂಪತಾರಾ’ವೋ ಕೈಯಿಂದ ಕೈಗೆ ದಾಟಿ, ರಕ್ಷಾಪುಟ ಹರಿದು, ನಮಗೆ ಮುಟ್ಟಿರುತ್ತಿತ್ತು. ಮಂಗಳೂರಿನಲ್ಲಿ ಓದುವ ಅಣ್ಣಂದಿರು ರಜೆಗೆ ಬಂದಾಗ ಕಥೆಯನ್ನು ಇಂಟರ್‌ವಲ್ ಸಮೇತ ಹೇಳುತ್ತಿದ್ದರು, ಹೊಡೆದಾಟವನ್ನು ಬಾಯಲ್ಲೇ ಮಾಡಿ ತೋರಿಸುತ್ತಿದ್ದರು. ‘ಉದಯವಾಣಿ’ಯ ಜಾಹೀರಾತು ಪುಟದಲ್ಲಿ ‘ಶೀಘ್ರದಲ್ಲಿ’ ಎಂದು ಬಂದರೆ ಅದು ಮುಂದಿನ ವಾರವೂ ಆಗಬಹುದು, ಮುಂದಿನ ಮಳೆಗಾಲವೂ ಆಗಬಹುದು. ಕಥೆ ಗೊತ್ತಿದ್ದರೆ ನೋಡುವ ಮಜಾ ಹೋಗುತ್ತದೆ ಎಂಬ ಈಗಿನವರ ಹೆದರಿಕೆ ನಮಗೆ ಯಾವತ್ತೂ ಅರ್ಥವಾಗಿಲ್ಲ. ದೇವಿಮಹಾತ್ಮೆಯ ಕಥೆ ಗೊತ್ತಿಲ್ಲದೆ ಯಾರಾದರೂ ಬೆಳಗಿನವರೆಗೆ ಆಟ ನೋಡುತ್ತಾರಾ? ಮಹಿಷ ಯಾವಾಗ ಬರುತ್ತಾನೆ, ಈ ಸಲ ಹೇಗೆ ಬರುತ್ತಾನೆ ಎಂದೇ ಅಲ್ಲವೇ ಕಾದು ಕೂರುವುದು!

ಈಗ ರೀಲು ಪೆಟ್ಟಿಗೆ ಇಲ್ಲ. 2005ರ ನಂತರ ಯುಎಫ್‌ಒ, ಕ್ಯೂಬ್‌ನಂಥ ಡಿಜಿಟಲ್ ವ್ಯವಸ್ಥೆಗಳು ಬಂದು ಚಿತ್ರಗಳು ಉಪಗ್ರಹದ ಮೂಲಕವೋ ಹಾರ್ಡ್‌ಡಿಸ್ಕಿನಲ್ಲೋ ಬರತೊಡಗಿದವು. ಚಿತ್ರ ಮೊದಲೇ ಬಂದು ಕೂತಿದ್ದರೂ ಅದನ್ನು ತೆರೆಯಲು ಕೆಡಿಎಂ ಎಂಬ ಡಿಜಿಟಲ್ ಬೀಗದ ಕೈ ಬೇಕು. ಇಂಥ ಪರದೆಗೆ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅದರಲ್ಲಿ ನಮೂದಾಗಿರುತ್ತದೆ. ಇದರಿಂದ ನಮ್ಮಂಥ ಊರಿಗೆ ಆದ ದೊಡ್ಡ ಲಾಭವೆಂದರೆ ಬೆಂಗಳೂರಿನವರ ದಿನವೇ ನಮ್ಮ ದಿನ. ನಷ್ಟವೂ ಅದರಲ್ಲೇ ಉಂಟು. ಶುಕ್ರವಾರ ಜನ ಬರಲಿಲ್ಲವೆಂದರೆ ಸೋಮವಾರಕ್ಕೆ ಆ ಚಿತ್ರ ಎತ್ತಂಗಡಿ. ಅಡಿಕೆ ಸುಲಿಯುವವರ ಲೆಕ್ಕ ಮುಗಿಸಿ ಭಾನುವಾರ ಹೋಗೋಣ ಎಂದುಕೊಂಡವನಿಗೆ ಇದ್ದ ಒಂದೇ ಅವಕಾಶವೂ ಕೈತಪ್ಪುತ್ತದೆ. ವರ್ಷಕ್ಕೆ ಮುಂಚೆ ದಿನಾಂಕ ಹೇಳಿ, ಫಸ್ಟ್‌ಲುಕ್, ಟೀಸರ್, ಹಾಡು, ಟ್ರೇಲರ್ ಎಂದು ಕಂತು ಕಂತಾಗಿ ಕಾಯಿಸಿ, ಕೊನೆಗೆ ನೋಡಲಿಕ್ಕೆ ಮೂರು ದಿನ ಕೊಡುವುದು ಯಾವ ನ್ಯಾಯವೋ.

ಇದರ ಮೇಲೆ ಆನೆಗಳ ಸಮಸ್ಯೆ ಬೇರೆ. ಇದು ತಮಾಷೆಯ ಮಾತಲ್ಲ. ಮಂಡೆಕೋಲು, ಅಜ್ಜಾವರ, ಮುರೂರು ಕಡೆಯ ತೋಟಗಳಿಗೆ ಕಾಡಾನೆ ಇಳಿಯುವುದು ವರ್ಷಗಳಿಂದ ನಡೆದಿದೆ. ಬಾಳೆ, ತೆಂಗು, ಅಡಿಕೆ ಯಾವುದನ್ನೂ ಬಿಡುವುದಿಲ್ಲ. 2023ರ ಮಾರ್ಚ್‌ನಲ್ಲಿ ಮುದುಮಲೈಯ ಆನೆಮರಿಗಳ ಕಥೆ ಹೇಳುವ ‘ದಿ ಎಲಿಫೆಂಟ್ ವಿಸ್ಪರರ್ಸ್’ ಆಸ್ಕರ್ ಗೆದ್ದಾಗ ದೇಶವೇ ಕಣ್ಣೊರೆಸಿಕೊಂಡಿತು. ಮುಂದಿನ ತಿಂಗಳೇ ಅಜ್ಜಾವರದ ತೋಟವೊಂದರ ಕೆರೆಗೆ ನಾಲ್ಕು ಆನೆಗಳು ಬಿದ್ದವು. ಅರಣ್ಯ ಇಲಾಖೆಯವರೂ ಊರವರೂ ಸೇರಿ ದಾರಿ ಮಾಡಿಕೊಟ್ಟು ಹತ್ತಿಸಬೇಕಾಯಿತು. ಅಂಥ ದಾರಿಯಲ್ಲಿ ರಾತ್ರಿ ಶೋ ಮುಗಿಸಿ ಬೈಕಿನಲ್ಲಿ ಬರುವವನಿಗೆ ಕ್ಲೈಮ್ಯಾಕ್ಸ್ ಟಾಕೀಸಿನ ಹೊರಗೇ ಇರುತ್ತದೆ. ಅದಕ್ಕೇ ನಮ್ಮವರು ಕೇಳುವ ಮೊದಲ ಪ್ರಶ್ನೆ ಚಿತ್ರ ಹೇಗಿದೆ ಎಂದಲ್ಲ, ಎಷ್ಟು ಗಂಟೆಯದ್ದು ಎಂದು. ಮೂರೂವರೆ ತಾಸಿನ ಚಿತ್ರ ಎಂದರೆ ಕೊನೆಯ ಬಸ್ಸು ತಪ್ಪಿತು ಎಂದೇ ಅರ್ಥ.

ಇಷ್ಟೆಲ್ಲದರ ನಡುವೆ ನನಗೊಂದು ಸಂಶಯ ಹತ್ತಿ ಕೆಲವು ವರ್ಷಗಳಾಯಿತು. ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ, ಪತ್ತನಾಜೆ. ಅಂದಿಗೆ ದೈವಗಳ ನೇಮ ನಿಲ್ಲುತ್ತದೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ಚೆಂಡೆಯ ಸದ್ದು ಕೇಳಬೇಕಾದರೆ ದೀಪಾವಳಿ ಕಳೆಯಬೇಕು. ಈ ಐದಾರು ತಿಂಗಳು ಕರಾವಳಿಯ ರಾತ್ರಿಗಳು ಖಾಲಿ. ಕರಾವಳಿಯ ಮಣ್ಣಿನ ಚಿತ್ರಗಳು ಗೆದ್ದದ್ದು ಯಾವಾಗ ಎಂದು ನೋಡಿದೆ. ‘ರಂಗಿತರಂಗ’ 2015ರ ಜುಲೈ 3. ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ 2017ರ ಜುಲೈ 7. ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ 2018ರ ಆಗಸ್ಟ್ 24. ‘ಕಾಂತಾರ’ 2022ರ ಸೆಪ್ಟೆಂಬರ್ 30. ‘ಸು ಫ್ರಮ್ ಸೋ’ 2025ರ ಜುಲೈ 25. ಎಲ್ಲವೂ ಪತ್ತನಾಜೆಗೂ ದೀಪಾವಳಿಗೂ ನಡುವಿನವು. ಮಲೆಯಾಳಿಗಳು ಕಾಸರಗೋಡಿನ ನೆಲದಲ್ಲಿ ತೆಗೆದ ‘ತೊಂಡಿಮುದಲುಂ ದೃಕ್ಸಾಕ್ಷಿಯುಂ’ 2017ರ ಜೂನ್ 30ಕ್ಕೆ, ‘ನ್ನಾ ತಾನ್ ಕೇಸ್ ಕೊಡ್’ 2022ರ ಆಗಸ್ಟ್ 11ಕ್ಕೆ ಬಂದವು. ಅವೂ ಮಳೆಗಾಲದವೇ.

ಇದನ್ನು ಸಿದ್ಧಾಂತ ಮಾಡಿ ಮಂಡಿಸಿದರೆ ಊರಿನ ಮಾಸ್ತರರೊಬ್ಬರು ಒಂದೇ ಏಟಿಗೆ ಬೀಳಿಸುತ್ತಾರೆ: “ಹಾಗಾದರೆ ‘ಚಾಲಿಪೋಲಿಲು’?” ವೀರೇಂದ್ರ ಶೆಟ್ಟಿ ಕಾವೂರು ಅವರ ಆ ತುಳು ಚಿತ್ರ 2014ರಲ್ಲಿ ದೀಪಾವಳಿ ಕಳೆದ ಮೇಲೆಯೇ ಬಂದದ್ದು. ಆಟ, ನೇಮ ಎಲ್ಲದರ ಎದುರು ಮಂಗಳೂರಿನಲ್ಲಿ ಐನೂರಕ್ಕೂ ಹೆಚ್ಚು ದಿನ ಓಡಿತು. ‘ಗರುಡ ಗಮನ ವೃಷಭ ವಾಹನ’ವೂ ನವೆಂಬರಿನದ್ದೇ. ಸರಿ, ನಿಯಮ ಅಲ್ಲ ಎಂದು ಒಪ್ಪೋಣ. ಆದರೂ ಮಳೆಗಾಲಕ್ಕೂ ಪಿಕ್ಚರಿಗೂ ಇರುವ ನಂಟನ್ನು ಅಡಿಕೆ ಕೃಷಿಕರು ಅಲ್ಲಗಳೆಯಲಾರರು. ಬಿಸಿಲು ಇಣುಕಿದರೆ ಮರ ಹತ್ತುವವರನ್ನು ಕರೆದು ಕೊಳೆರೋಗಕ್ಕೆ ಮದ್ದು ಬಿಡಬೇಕು. ಮಳೆ ಜಡಿದರೆ ಮದ್ದೂ ಇಲ್ಲ, ಬೇರೆ ಕೆಲಸವೂ ಇಲ್ಲ. ಆಗ ಪಿಕ್ಚರಿಗೆ ಹೋಗದೆ ಇನ್ನೇನು ಮಾಡುವುದು?

‘ಸು ಫ್ರಮ್ ಸೋ’ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಈಚಿನ ವರ್ಷಗಳಲ್ಲಿ ನಾವು ಕಾಯದೇ ಬಂದು ನಮ್ಮನ್ನು ಕಾಯಿಸಿದ ಚಿತ್ರ ಅದು. ನಿರ್ದೇಶಕ ಜೆ.ಪಿ. ತುಮಿನಾಡು ಮಂಜೇಶ್ವರದ ತುಮಿನಾಡಿನವರು, ಅಂದರೆ ನಕ್ಷೆಯಲ್ಲಿ ಕೇರಳದವರು. ಬೆಳೆದದ್ದು ತುಳು ನಾಟಕರಂಗದಲ್ಲಿ. ದೊಡ್ಡ ನಾಯಕ ಇಲ್ಲ, ವರ್ಷಗಟ್ಟಲೆಯ ಪ್ರಚಾರ ಇಲ್ಲ. ಬಿಡುಗಡೆಗೆ ಮುಂಚೆಯೇ ಟಿಕೆಟ್ ಇಟ್ಟು ಪ್ರೀಮಿಯರ್ ಪ್ರದರ್ಶನ ಮಾಡಿದರು, ನೋಡಿದವರು ಫೋನು ಮಾಡಿದರು, ಕೇಳಿದವರು ಹೊರಟರು. ಹಳೆಯ ಕಾಲದಲ್ಲಿ ರಜೆಗೆ ಬಂದ ಅಣ್ಣಂದಿರು ಮಾಡುತ್ತಿದ್ದ ಕೆಲಸ ಅಷ್ಟೇ, ವಾಟ್ಸ್‌ಆ್ಯಪಿನಲ್ಲಿ. ಮೊದಲ ವಾರಾಂತ್ಯದಲ್ಲೇ ಶೋಗಳು ಸಾಲದೆ ನಡುರಾತ್ರಿಗೂ ಬೆಳಗಿನ ಜಾವಕ್ಕೂ ಪ್ರದರ್ಶನ ಇಟ್ಟ ಸುದ್ದಿಗಳು ಬಂದವು. “ಬುಕ್ ಆಯ್ತಾ?” “ಎಲ್ಲಿ ಆಗುದು, ಕೆಂಪೇ ಕಾಣ್ತದೆ!” ಈ ಎರಡು ಸಾಲಿನ ಸಂಭಾಷಣೆ ಆ ವಾರ ಕೇಳದ ಅಂಗಡಿ ಇಲ್ಲ.

ಅದರಲ್ಲಿ ಇದ್ದದ್ದಾದರೂ ಏನು? ಒಂದು ಊರು. ಎಲ್ಲರ ಮನೆ ಕಾರ್ಯಕ್ಕೂ ಓಡಾಡುವ ಒಬ್ಬ ಅಣ್ಣ, ಉಂಡಾಡಿ ಹುಡುಗರು, ಸುಳ್ಳೊಂದು ಬಾಯಿಂದ ಬಾಯಿಗೆ ಹೋಗಿ ಪ್ರೇತವಾಗುವ ಕಥೆ, ಆ ಪ್ರೇತ ಬಿಡಿಸಲು ಬರುವ ಗುರೂಜಿ. ಆ ಊರಿನವರು ಆಡುವ ಕನ್ನಡವನ್ನು ಸಿನಿಮಾದವರು ವರ್ಷಗಟ್ಟಲೆ ಹಾಸ್ಯಪಾತ್ರಗಳ ಬಾಯಲ್ಲಿ ಮಾತ್ರ ಇಟ್ಟಿದ್ದರು. ನಾಯಕನ ತಮಾಷೆಗೆ ಗುರಿಯಾಗುವ ಮಂಗಳೂರು ಭಟ್ಟರೋ ಹೋಟೆಲಿನವರೋ ಮಾತಾಡುತ್ತಿದ್ದ ಭಾಷೆ ಅದು. ಇಲ್ಲಿ ಅಳುವವರೂ ಅದರಲ್ಲೇ ಅಳುತ್ತಾರೆ. ವಾರ ಕಳೆದು ಆಗಸ್ಟ್ 1ಕ್ಕೆ ಮಲಯಾಳಕ್ಕೆ ಡಬ್ ಆಗಿ ದುಲ್ಕರ್ ಸಲ್ಮಾನರ ವೇಫೇರರ್ ಫಿಲ್ಮ್ಸ್ ಮೂಲಕ ಕೇರಳದಲ್ಲಿ ಬಿಡುಗಡೆಯಾಯಿತು. ಅದೇ ತಿಂಗಳ 28ಕ್ಕೆ ವೇಫೇರರ್ ತನ್ನದೇ ‘ಲೋಕಾ ಚಾಪ್ಟರ್ 1: ಚಂದ್ರ’ವನ್ನು ಓಣಂಗೆ ತಂದಿತು. ಆ ಮಲಯಾಳ ಚಿತ್ರದ ಕಥೆ ನಡೆಯುವುದು ಬೆಂಗಳೂರಿನಲ್ಲಿ! ಕೇರಳದ ತುಮಿನಾಡಿನವರು ಕನ್ನಡದಲ್ಲಿ ಕರಾವಳಿಯ ಕಥೆ ಹೇಳುತ್ತಾರೆ, ಮಲೆಯಾಳಿಗಳು ಬೆಂಗಳೂರಿನ ಕಥೆ ಹೇಳುತ್ತಾರೆ, ಎರಡನ್ನೂ ಒಬ್ಬರೇ ಕೇರಳಕ್ಕೆ ಮುಟ್ಟಿಸುತ್ತಾರೆ. ಗಡಿಯಲ್ಲಿ ಕೂತು ನೋಡುವವನಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಕಾಞಂಗಾಡಿನ ಸೆನ್ನಾ ಹೆಗ್ಡೆ 2018ರಲ್ಲಿ ಕನ್ನಡದಲ್ಲಿ ‘ಕಥೆಯೊಂದು ಶುರುವಾಗಿದೆ’ ಮಾಡಿ, 2021ರಲ್ಲಿ ಮಲಯಾಳದಲ್ಲಿ ‘ತಿಂಗಳಾಳ್ಚ ನಿಶ್ಚಯಂ’ ಮಾಡಿದವರು. ಇಲ್ಲಿ ಜನ ಬಸ್ಸು ಬದಲಾಯಿಸಿದ ಹಾಗೆ ಭಾಷೆ ಬದಲಾಯಿಸುತ್ತಾರೆ.

ಹಾಗಾಗಿ ಡಬ್ಬಿಂಗ್ ಬೇಕೇ ಬೇಡವೇ ಎಂದು ಬೆಂಗಳೂರಿನಲ್ಲಿ ದಶಕಗಟ್ಟಲೆ ನಡೆದ ಜಗಳ ನಮಗೆ ದೂರದ್ದಾಗಿಯೇ ಉಳಿಯಿತು. ಸ್ಪರ್ಧಾ ಆಯೋಗ 2015ರಲ್ಲಿ ಡಬ್ಬಿಂಗ್ ತಡೆಯುವಂತಿಲ್ಲ ಎಂದಿತು, 2017ರಲ್ಲಿ ತಮಿಳಿನಿಂದ ಬಂದ ‘ಸತ್ಯದೇವ್ ಐಪಿಎಸ್’ ತೆರೆ ಕಂಡಿತು. ನಮ್ಮ ಅಜ್ಜಿಯಂದಿರು ಅದಕ್ಕೆ ಎಷ್ಟೋ ಮುಂಚೆಯೇ ಮಮ್ಮೂಟ್ಟಿಯ ಮಾತನ್ನು ಮಮ್ಮೂಟ್ಟಿಯ ಬಾಯಿಂದಲೇ ಕೇಳಿದ್ದರು.

‘ಕಾಂತಾರ’ದ ಕಥೆ ಬೇರೆ. ಅದಕ್ಕೆ ಕಾದದ್ದರಲ್ಲಿ ಅಳುಕು ಬೆರೆತಿತ್ತು. ಮೊದಲನೆಯದು ಬಂದಾಗ ಪಂಜುರ್ಲಿ, ಗುಳಿಗ ಪರದೆಯ ಮೇಲೆ ಕಂಡು ಮೈ ನಡುಗಿದ್ದು ನಿಜ. ಚಪ್ಪಲಿ ಕಳಚಿಟ್ಟು ಕೂತವರನ್ನು ಕಂಡಿದ್ದೇನೆ. 70ನೇ ರಾಷ್ಟ್ರಪ್ರಶಸ್ತಿಯಲ್ಲಿ ರಿಷಬ್ ಶೆಟ್ಟಿ ಶ್ರೇಷ್ಠ ನಟ ಎಂದಾಗ ಇಲ್ಲಿ ಪಟಾಕಿ ಹೊಡೆದದ್ದೂ ನಿಜ. ಆದರೆ 2025ರ ಅಕ್ಟೋಬರ್ 2ಕ್ಕೆ ‘ಕಾಂತಾರ ಚಾಪ್ಟರ್ 1’ ಬಂದ ಮೇಲೆ ಎಲ್ಲೆಲ್ಲಿಯೋ ಟಾಕೀಸುಗಳಲ್ಲಿ ದೈವದ ವೇಷ ಹಾಕಿ ಬರುವುದು, ಆವೇಶ ಬಂದವರಂತೆ ಅರಚುವುದು ಶುರುವಾಯಿತು. ದೈವಾರಾಧಕರು ಸಿಟ್ಟಾದರು. ಹಾಗೆ ಮಾಡಬೇಡಿ ಎಂದು ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. ಪತ್ತನಾಜೆಯ ನಂತರ ದೈವವೇ ಗೆಜ್ಜೆ ಬಿಚ್ಚಿಟ್ಟಿರುವಾಗ ಇವರು ಯಾರು ಕಟ್ಟಿಕೊಳ್ಳಲಿಕ್ಕೆ ಎಂಬುದು ನಮ್ಮ ಕಡೆಯ ಹಿರಿಯರ ಪ್ರಶ್ನೆ. ನನಗೂ ಅದೇ ಸರಿ ಕಾಣುತ್ತದೆ. ಇನ್ನೊಂದು ಮಾತು: ಈ ಚಿತ್ರದ ಯಶಸ್ಸು ನೋಡಿ ಮುಂದೆ ಬರುವ ಪ್ರತಿ ಕರಾವಳಿ ಚಿತ್ರದ ಪೋಸ್ಟರಿನಲ್ಲೂ ಒಂದು ದೀವಟಿಗೆ, ಒಂದು ಮುಖವರ್ಣಿಕೆ ಇರಬೇಕು ಎಂದಾದರೆ ನಾನು ಕಾಯುವವರ ಸಾಲಿನಿಂದ ಎದ್ದು ಹೋಗುತ್ತೇನೆ.

ಟಿಕೆಟ್ ದರವೂ ಈ ಕಾಯುವಿಕೆಯ ಭಾಗವೇ. 2025ರ ರಾಜ್ಯ ಬಜೆಟ್‌ನಲ್ಲಿ ಎಲ್ಲ ಚಿತ್ರಮಂದಿರಗಳಿಗೂ 200 ರೂಪಾಯಿಯ ಮಿತಿ, ಕನ್ನಡಕ್ಕೊಂದು ಸರಕಾರಿ ಒಟಿಟಿ, ಮೈಸೂರಿನಲ್ಲಿ ಚಿತ್ರನಗರಿ ಎಂದರು. ದರದ ಅಧಿಸೂಚನೆ ಸೆಪ್ಟೆಂಬರಿನಲ್ಲಿ ಬಂತು; ‘ಕಾಂತಾರ ಚಾಪ್ಟರ್ 1’ ಬರುವ ಮೊದಲೇ, ಅದೇ ತಿಂಗಳಲ್ಲಿ ಹೈಕೋರ್ಟು ತಡೆ ನೀಡಿತು. ನಮ್ಮ ಒಂಟಿ ಪರದೆಗಳಲ್ಲಿ ಇದರ ಬಿಸಿ ಅಷ್ಟು ತಟ್ಟುವುದಿಲ್ಲ. ಮಾಲ್‌ನ ಒಳಗೆ ಹೋಗುವಾಗ, ಅದೂ ನಾಲ್ಕು ಜನರ ಸಂಸಾರ ಕಟ್ಟಿಕೊಂಡು ಹೋಗುವಾಗ, ಮನೆಯವಳು ಪಾಪ್‌ಕಾರ್ನಿನ ದರ ನೋಡಿ “ಇದರಲ್ಲಿ ಒಂದು ಕಿಲೋ ಅಂಜಲ್ ಬರ್ತಿತ್ತು” ಎನ್ನುವುದನ್ನು ಯಾವ ಕೋರ್ಟೂ ತಡೆಯಲಾರದು.

ಎಷ್ಟು ಕಾದರೂ ಬಾರದ ಚಿತ್ರಗಳದ್ದೇ ಒಂದು ಸಾಲು ಇದೆ. 1971ರ ‘ಎನ್ನ ತಂಗಡಿ’ಯಿಂದ ಶುರುವಾದ ತುಳು ಚಿತ್ರರಂಗಕ್ಕೆ ಈಚೆಗೆ ರಾಷ್ಟ್ರಪ್ರಶಸ್ತಿಗಳು ಬರುತ್ತಲೇ ಇವೆ: ‘ಮದಿಪು’, ಅಭಯ ಸಿಂಹರ ‘ಪಡ್ಡಾಯಿ’, ‘ಪಿಂಗಾರ’, ಸಂತೋಷ್ ಮಾಡ ಅವರ ‘ಜೀಟಿಗೆ’. ‘ಪಡ್ಡಾಯಿ’ಯಲ್ಲಿ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಮೀನುಗಾರರ ನಡುವೆ ಬಂದು ತುಳು ಮಾತಾಡುತ್ತಾನೆ. ಈ ಸುದ್ದಿಯನ್ನು ನಾನು ಓದಿದ್ದು ಪತ್ರಿಕೆಯಲ್ಲಿ. ಚಿತ್ರ ನಮ್ಮ ಸುತ್ತಿನ ಪರದೆಯ ಮೇಲೆ ನನಗೆ ದಕ್ಕಲಿಲ್ಲ. ಇಂಥವನ್ನು ಉತ್ಸವಕ್ಕೆ ಹೋಗಿ ನೋಡೋಣವೆಂದರೆ, ಬೆಂಗಳೂರು ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದ ಹದಿನಾರನೇ ಆವೃತ್ತಿ 2025ರ ಮಾರ್ಚ್ 1ರಿಂದ 8ರವರೆಗೆ ನಡೆಯಿತು. ಮಂಡೆಕೋಲಿನ ಕೃಷಿಕ ವಾರಗಟ್ಟಲೆ ತೋಟಕ್ಕೆ ನೀರು ಬಿಡುವುದು ಬಿಟ್ಟು ಅಲ್ಲಿಗೆ ಹೋಗುವಂತಿಲ್ಲ. ತುಳುವಿನ ಕಥೆ ತುಳುವರಿಗೆ ಮುಟ್ಟುವುದಕ್ಕೆ ಮುಂಚೆ ದಿಲ್ಲಿಗೆ ಮುಟ್ಟುತ್ತದೆ. ನನ್ನ ಅಸಲಿ ತಕರಾರು ಇದು. ದೊಡ್ಡ ಚಿತ್ರಗಳ ದಿನಾಂಕ ಜಾರುವುದರ ಬಗ್ಗೆ ಅಲ್ಲ.

ಈ ಸೀಮೆಗೆ ಸಿನಿಮಾ ಹೊಸದೇನೂ ಅಲ್ಲ. ಮುಂದೆ ಪುತ್ತೂರಿನಲ್ಲಿ ಬಾಲವನ ಕಟ್ಟಿದ ಶಿವರಾಮ ಕಾರಂತರು 1930ರ ಆಸುಪಾಸಿನಲ್ಲೇ, ಕನ್ನಡ ಚಿತ್ರಕ್ಕೆ ಮಾತು ಬರುವ ಮೊದಲೇ, ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿಚಿತ್ರಗಳನ್ನು ಮಾಡಿದವರು. ಅವರ ‘ಚೋಮನ ದುಡಿ’ ಬಿ.ವಿ. ಕಾರಂತರ ಕೈಯಲ್ಲಿ 1975ರಲ್ಲಿ ಚಿತ್ರವಾಗಿ ಸ್ವರ್ಣಕಮಲ ತಂದಿತು. ‘ಬೆಟ್ಟದ ಜೀವ’ವನ್ನು ಪಿ. ಶೇಷಾದ್ರಿ ತೆರೆಗೆ ತಂದರು, ದತ್ತಣ್ಣ ಗೋಪಾಲಯ್ಯನಾದರು. ಇವೆರಡೂ ಹೇಗೋ ನೋಡಲಿಕ್ಕೆ ಸಿಗುತ್ತವೆ. ಆದರೆ ‘ಕುಡಿಯರ ಕೂಸು’ ಕಾದಂಬರಿಯನ್ನು ಕಾರಂತರು ತಾವೇ ನಿರ್ದೇಶಿಸಿ 1978ರಲ್ಲಿ ಮಾಡಿದ ‘ಮಲೆಯ ಮಕ್ಕಳು’? ನಮ್ಮ ಬೆನ್ನಿಗಿರುವ ಘಟ್ಟದ ಕುಡಿಯರ, ಏಲಕ್ಕಿ ಮಲೆಯ, ಆನೆ ದಾರಿಯ ಕಥೆ ಅದು. ಟ್ರೇಲರಿಗೆ ಕಾಯುವ ಹುಡುಗರಿಗೆ ಅಂಥದ್ದೊಂದು ಇದೆ ಎಂದೇ ಗೊತ್ತಿಲ್ಲ.

ಅದನ್ನು ಊರಿನ ಸಭಾಭವನದಲ್ಲಿ ಒಂದು ಸಂಜೆ ಹಾಕಿಸಬೇಕೆಂದು ಈಚೆಗೆ ಯುವಕರ ಗುಂಪಿನ ಮುಂದೆ ಹೇಳಿದೆ. ಪ್ರೊಜೆಕ್ಟರ್ ಒಬ್ಬನ ಹತ್ತಿರ ಉಂಟು, ಪರದೆಗೆ ಬಿಳಿ ವಸ್ತ್ರ ಸಾಕು, ಚಿತ್ರದ ಪ್ರತಿಯನ್ನು ಕಾನೂನು ಪ್ರಕಾರ ಯಾರಲ್ಲಿ ಕೇಳುವುದೆಂದು ವಿಚಾರಿಸಬೇಕು. ಅವರಲ್ಲಿ ಚುರುಕಾದವನೊಬ್ಬ ಮೊಬೈಲು ತೆಗೆದು ತಾರೀಕು ನೋಡತೊಡಗಿದ. “ಜುಲೈ ಆದೀತು ಅಣ್ಣ. ಆದರೆ ಬಿಸಿಲು ಬಂದರೆ ನಾವು ಯಾರೂ ಇಲ್ಲ, ಮದ್ದು ಬಿಡ್ಲಿಕ್ಕೆ ಉಂಟು.”